ಕನ್ನಂಬಾಡಿ (ಕೆಆರ್‌ಎಸ್) ನೀರು: ಬೆಂಗಳೂರು ಮತ್ತು ನಾಲೆ ರೈತರ ಮಾತುಕತೆಗೆ ನಾವು ಲೆಕ್ಕ ಹಾಕುವ ಬಗೆ

ಬೆಂಗಳೂರಿನ ಜಲಮಂಡಳಿಯವರು ಎಂಎಲ್‌ಡಿಯಲ್ಲಿ (ದಿನಕ್ಕೆ ಇಷ್ಟು ಹತ್ತು ಲಕ್ಷ ಲೀಟರ್) ಮಾತಾಡುತ್ತಾರೆ, ನೀರಾವರಿ ನಿಗಮದವರು ಟಿಎಂಸಿಯಲ್ಲಿ (ನೂರು ಕೋಟಿ ಘನ ಅಡಿ), ಮಂಡ್ಯದ ರೈತರು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಮತ್ತು ಕಟ್ಟೆಯ ನೀರಿನ ಮಟ್ಟ ಎಷ್ಟು ಅಡಿ ಎಂಬ ಲೆಕ್ಕದಲ್ಲಿ. ಹೀಗೇ ಕೂತರೆ ಊಟದ ಹೊತ್ತಿಗೆ ಜಗಳ ಗ್ಯಾರಂಟಿ. ಅದಕ್ಕೇ ಮಾತುಕತೆ ಮಾಡಿಸುವ ನಾವು ಮೊದಲು ಹರಿವಿನ ಲೆಕ್ಕವನ್ನೆಲ್ಲ ಕ್ಯೂಸೆಕ್‌ಗೆ ಇಳಿಸುತ್ತೇವೆ. 1 ಕ್ಯೂಸೆಕ್ ದಿನವಿಡೀ ಹರಿದರೆ ಸುಮಾರು 2.45 ಎಂಎಲ್‌ಡಿ, ಅಂದರೆ 24.5 ಲಕ್ಷ ಲೀಟರ್. 11,574 ಕ್ಯೂಸೆಕ್ ಒಂದು ದಿನ ಹರಿದರೆ 1 ಟಿಎಂಸಿ.

2024ರ ಅಕ್ಟೋಬರ್‌ನಲ್ಲಿ ಚಾಲನೆಯಾದ, ಬೆಂಗಳೂರಿಗೆ ಕುಡಿಯುವ ನೀರು ತರುವ ಕಾವೇರಿ 5ನೇ ಹಂತದ ಯೋಜನೆ 775 ಎಂಎಲ್‌ಡಿಯದು. ಹಳೆಯ ಹಂತಗಳ ಸುಮಾರು 1,450 ಸೇರಿಸಿ ಎಲ್ಲ ಪಂಪೂ ಪೂರ್ತಿ ಓಡಿದರೆ 2,225 ಎಂಎಲ್‌ಡಿ, ಹತ್ತಿರಹತ್ತಿರ 910 ಕ್ಯೂಸೆಕ್. ಕೇಳಲು ಸಣ್ಣದು. ಆದರೆ ನಾಲೆಗೆ ಬಾಗಿಲು ಹಾಕಬಹುದು, ನಗರದ ಪಂಪಿಗೆ ರಜೆಯಿಲ್ಲ. ಫೆಬ್ರವರಿ 1ರಿಂದ ಜೂನ್ 30ರವರೆಗಿನ 150 ದಿನಕ್ಕೆ ಅದೇ 11.8 ಟಿಎಂಸಿ ಆಗುತ್ತದೆ. ಮೈಸೂರು, ಮಂಡ್ಯ ಮತ್ತು ಹಳ್ಳಿಗಳ ಕುಡಿಯುವ ನೀರು, ಆವಿಯಾಗುವ ನೀರು ಇದರ ಮೇಲೆ. ತಮ್ಮೂರ ಟ್ಯಾಂಕಿನ ನೀರೂ ಪಟ್ಟಿಯಲ್ಲಿ ಕಂಡರೆ ರೈತರು ಆ ಪಟ್ಟಿಯನ್ನು ನಂಬುತ್ತಾರೆ; ಬೆಂಗಳೂರಿನ ಹೆಸರೊಂದೇ ಇದ್ದರೆ ಓದುವುದೂ ಇಲ್ಲ.

ಕಾದಿಡುವ ನೀರನ್ನು ಅಡಿಯಲ್ಲಿ ಬರೆಯಲೇಬಾರದು. ಕೆಆರ್‌ಎಸ್ 124.80 ಅಡಿ ತುಂಬಿದಾಗ 49.45 ಟಿಎಂಸಿ, ನಿಜ. ಆದರೆ ಮೇಲಿನ ಒಂದು ಅಡಿಯಲ್ಲಿ ಇರುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ಇರುವುದಿಲ್ಲ. 'ಇಂತಿಷ್ಟು ಟಿಎಂಸಿ, ಇಂಥ ತಾರೀಖಿನವರೆಗೆ, ಡೆಡ್ ಸ್ಟೋರೇಜ್ (ತೂಬಿಗಿಂತ ಕೆಳಗೆ ಉಳಿಯುವ, ಹರಿಸಲಾಗದ ನೀರು) ಕಳೆದು' ಎಂದೇ ಬರೆಸುತ್ತೇವೆ.

ಇನ್ನೊಂದು ಗೊಂದಲ 4.75ರದ್ದು. 2018ರ ಫೆಬ್ರವರಿ 16ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿನ ಬಾಬ್ತು. 'ಮತ್ತೆ ವರ್ಷಕ್ಕೆ ಹತ್ತಿರಹತ್ತಿರ 29 ಟಿಎಂಸಿ ಎತ್ತೋದು ಹೆಂಗೆ ಸ್ವಾಮಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಕುಡಿಯುವ ನೀರಿನಲ್ಲಿ ಎತ್ತಿದ್ದರ ಶೇ 20ರಷ್ಟನ್ನು ಮಾತ್ರ ಖರ್ಚು ಎಂದು ಹಿಡಿಯುತ್ತಾರೆ, 4.75 ಆ ಖರ್ಚಿನ ಲೆಕ್ಕದಲ್ಲಿ ಸಿಕ್ಕ ಹೆಚ್ಚುವರಿ ಪಾಲು. ಇಲ್ಲಿ ನಗರದವರು 'ಶೇ 80 ವಾಪಸ್ ಬರುತ್ತಲ್ಲ' ಎನ್ನದಿರುವುದು ಒಳ್ಳೆಯದು. ವೃಷಭಾವತಿಗೆ ಬಿದ್ದ ನೀರು ಅರ್ಕಾವತಿಯಿಂದ ಸಂಗಮದಲ್ಲಿ ಕಾವೇರಿ ಸೇರುತ್ತದೆ, ಕೋರಮಂಗಲ–ಚಲ್ಲಘಟ್ಟ ಕಣಿವೆಯದು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಹೋಗುತ್ತದೆ. ಮದ್ದೂರಿನ ಗದ್ದೆಗೆ ಎರಡರಿಂದಲೂ ಹನಿ ಇಲ್ಲ.

ನಗರದ ನೀರು ಹಿಡಿಯುವುದು ಶಿವ ಅಣೆಕಟ್ಟೆಯಲ್ಲಿ, ಕಬಿನಿ ನದಿ ಕಾವೇರಿಗೆ ಬಂದು ಸೇರುವ ಜಾಗದಿಂದ ಕೆಳಗೆ. ಹಾಗಾಗಿ ಯಾವ ತಿಂಗಳು ಕೆಆರ್‌ಎಸ್‌ನಿಂದ ಎಷ್ಟು, ಕಬಿನಿಯಿಂದ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಬೇಕು. ಪತ್ರಿಕೆಯಲ್ಲಿ 'ಹೊರಹರಿವು' ಅಂತ ಒಂದೇ ಅಂಕಿ ಬಂದರೆ ತಮಿಳುನಾಡಿಗೆ ಬಿಟ್ಟದ್ದು, ಬೆಂಗಳೂರಿಗೆ ಬಿಟ್ಟದ್ದು ಎಲ್ಲ ಒಂದಾಗಿ ಕಾಣುತ್ತದೆ. ಅನುಮಾನ ಹುಟ್ಟುವುದೇ ಅಲ್ಲಿ. ನಾಲೆಗೆ, ಕುಡಿಯಲು, ಬಿಳಿಗುಂಡ್ಲುವಿಗೆ (ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಗಡಿಯ ಜಾಗ) ಎಂದು ಮೂರು ಕಾಲಂ ಮಾಡಿಸಿ ದಿನವೂ ಬೋರ್ಡಿನಲ್ಲಿ ಬರೆಸಬೇಕೆಂದು ಪಟ್ಟು ಹಿಡಿಯುತ್ತೇವೆ.

ನಿಜವಾದ ಚೌಕಾಸಿ ಕಟ್ಟು ಪದ್ಧತಿಯಲ್ಲಿದೆ, ಅಂದರೆ ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವುದರಲ್ಲಿ. 135 ದಿನದ ಭತ್ತವಾದರೆ ಬಿತ್ತಿದ 70ರಿಂದ 105ನೇ ದಿನ, ತೆನೆ ಮೂಡಿ ಹೂವಾಗುವ ಕಾಲ. ಆಗ ನಾಲೆ ನಿಲ್ಲಿಸಿದರೆ ಜೊಳ್ಳು. ನಾಲೆ ನಿಲ್ಲಿಸುವ ದಿನಗಳನ್ನು ಇದರ ಆಚೀಚೆ ಹೊಂದಿಸಬೇಕು, ಅದಕ್ಕೆ ಒಂದು ವಿತರಣಾ ನಾಲೆಯ ಊರುಗಳೆಲ್ಲ ಹತ್ತು ದಿನದೊಳಗೆ ಒಟ್ಲು (ಭತ್ತದ ಸಸಿಮಡಿ) ಬಿಡಲು ಒಪ್ಪಬೇಕು. ಕಷ್ಟದ ಮಾತು. ಕಬ್ಬಿನವರು ಬೇರೆ ಕೂರಲಿ, ಅವರ ಹಠ ಬೇರೆ.

ನೀರು ಬಿಟ್ಟ ದಿನ ಎಣಿಸುವುದು ನಾಲೆಯ ಕೊನೆ ಭಾಗದ ಗೇಜಿನಿಂದ (ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ). ಒಣಗಿದ ನಾಲೆ ನೆನೆದು ತುಂಬುವುದಕ್ಕೇ ಮೊದಲ ಕೆಲವು ದಿನ ಹೋಗುತ್ತವೆ, ದಾರಿಯಲ್ಲಿ ಪಂಪ್‌ಸೆಟ್‌ಗಳು ಬೇರೆ. ಮೇಲೆ ಹತ್ತು ದಿನ ಬಿಟ್ಟೆವೆಂದರೂ ನಾಲೆಯ ಕೊನೆಯ ಮಳವಳ್ಳಿ ಕಡೆಯವನಿಗೆ ಆರೇ ದಿನ ಸಿಕ್ಕಿರಬಹುದು. ಗೇಜನ್ನು ಸೌಡಿಯ (ನಾಲೆಯಲ್ಲಿ ನೀರು ಬಿಡುವ ನೌಕರ) ಜೊತೆ ನೀರು ಬಳಕೆದಾರರ ಸಂಘದ ಒಬ್ಬರೂ ಓದಿ, ಇಬ್ಬರೂ ಒಂದೇ ಪುಸ್ತಕದಲ್ಲಿ ರುಜು ಹಾಕಬೇಕು.

ನಡಾವಳಿಯಲ್ಲಿ ಮಳೆ ಕೈಕೊಟ್ಟರೆ ಏನೆಂಬುದೂ ಇರಲಿ: ಯಾವ ತಾರೀಖಿಗೆ ಸಂಗ್ರಹ ಎಷ್ಟಕ್ಕಿಂತ ಇಳಿದರೆ ಯಾರದು ಮೊದಲು ಕಡಿತ, ಎಷ್ಟು. ನಗರದ ಪಾಲಿಗೂ ಒಂದು ಸಾಲು ಬರೆಸಿ, ತೋಟ, ಕಾರು ತೊಳೆಯುವುದು, ಕಟ್ಟಡ ಕೆಲಸಕ್ಕೆ ಕಾವೇರಿ ನೀರು ಯಾವ ದಿನದಿಂದ ಬಂದ್ ಎಂದು. ಆ ಸಾಲಿಲ್ಲದ ಕಾಗದಕ್ಕೆ ರೈತರಿಂದ ರುಜು ಹಾಕಿಸುವುದು ಆಗದ ಮಾತು.