ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುವುದು ಹೇಗೆ?

ಮಕ್ಕಳನ್ನು ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಹಳೆಯ ವಿದ್ಯಾಲಯಕ್ಕೆ, ಅಂದರೆ ಮದರಸಾಕ್ಕೆ, ಕರೆದುಕೊಂಡು ಹೋಗಿ. ಯಾವಾಗ ಕಟ್ಟಿದ್ದು ಅಂತ ಕೇಳಿದರೆ 1472 ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಹೀಗೆ ಕೇಳಿ: ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ಬಿದ್ದದ್ದನ್ನು ಮತ್ತೆ ಕಟ್ಟಬೇಕಾ, ಹಾಗೇ ಬಿಡಬೇಕಾ?

ಕೇಳಿ ಸುಮ್ನೆ ನಿಲ್ಲಿ. ಇದೇ ಜಾಸ್ತಿ ಕಷ್ಟ. ನಾನು ಮನಸ್ಸಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಹೋದ ಸಲ ಹದಿನೈದಕ್ಕೆ ಬಂದಿದ್ದೆ. ಗೋಡೆಯಲ್ಲಿ ಉಳಿದಿದ್ದ ನೀಲಿ ಟೈಲ್ಸ್ ನೋಡುತ್ತಿದ್ದ ಹುಡುಗಿಯೊಬ್ಬಳು, "ಹೊಸದು ಕಟ್ಟಿದರೆ ಅದು ಗವಾನನದಾ, ನಮ್ಮದಾ?" ಅಂದಳು. ನನ್ನ ಪ್ರಶ್ನೆಗಿಂತ ಅವಳದೇ ದೊಡ್ಡದು, ಅಲ್ವಾ?

ಸರಿ, ತಪ್ಪು ಅನ್ನಬೇಡಿ. "ಯಾಕೆ ಹಾಗನ್ನಿಸ್ತು?" ಅಂತ ಮಾತ್ರ ಕೇಳಿ. ವಾಪಸ್ ಬರುವಾಗ ಬಸ್ಸಲ್ಲಿ ವಾದ ಮುಂದುವರಿದರೆ ತಡೆಯಬೇಡಿ.