ಗಂಧಕದ ಉಂಗುರ ಮಾಡಿದ್ದು, ಅದರಲ್ಲಿ ತಾಮ್ರ ಹಿಡಿದದ್ದು

ಮೊದಲ ಸಲ ಥಯಾಕ್ಯಾಲಿಕ್ಸರೀನ್ ಎಂಬ, ಗಂಧಕದ ಕೊಂಡಿಗಳಿರುವ ಉಂಗುರದಂಥ ಅಣುವನ್ನು ಮಾಡಲು ಹೋದಾಗ ನನ್ನ ಫ್ಲಾಸ್ಕಿನಲ್ಲಿ ಉಳಿದದ್ದು ಡಾಂಬರು. ಉತ್ಪ್ರೇಕ್ಷೆ ಅಲ್ಲ. ಕಪ್ಪಗೆ, ಅಂಟಂಟಾಗಿ, ಕಲಕುವ ಕಡ್ಡಿಯನ್ನೇ ಕಚ್ಚಿಕೊಂಡು ಕೂತಿತ್ತು. ಸಂಶೋಧನಾ ಪ್ರಬಂಧದಲ್ಲಿ ಓದಿದ್ದು ನಾಲ್ಕೇ ಸಾಲು. ಫೀನಾಲು, ಗಂಧಕ, ಕಾಸ್ಟಿಕ್ ಸೋಡಾ ಹಾಕಿ, ಬಿಸಿ ಮಾಡಿ. ಇಷ್ಟು ಸುಲಭದ ಕೆಲಸವನ್ನು ಯಾರಾದರೂ ಕೆಡಿಸಲು ಆಗುತ್ತದೆಯೇ ಅಂದುಕೊಂಡಿದ್ದೆ. ಆಗುತ್ತದೆ.

ಈ ಉಂಗುರದ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ನಾಲ್ಕು ಫೀನಾಲುಗಳನ್ನು ಸುತ್ತಲೂ ನಿಲ್ಲಿಸಿ, ಪಕ್ಕಪಕ್ಕದ ಎರಡರ ನಡುವೆ ಒಂದೊಂದು ಇಂಗಾಲದ ಕೊಂಡಿ ಹಾಕಿದರೆ ಅದು ಕ್ಯಾಲಿಕ್ಸರೀನ್. ಪಕ್ಕದಿಂದ ನೋಡಿದರೆ ಬಟ್ಟಲಿನ ಆಕಾರ. ಅದಕ್ಕೇ ಅಮೆರಿಕದ ರಸಾಯನಶಾಸ್ತ್ರಜ್ಞ ಡೇವಿಡ್ ಗುಟ್ಶೆ ಗ್ರೀಕರ ಒಂದು ಬಗೆಯ ಹೂದಾನಿಯ ಹೆಸರನ್ನು ಅದಕ್ಕೆ ಇಟ್ಟರು. 1997ರಲ್ಲಿ ಜಪಾನಿನ ಸೆಂಡೈನಲ್ಲಿರುವ ತೊಹೊಕು ವಿಶ್ವವಿದ್ಯಾಲಯದ ಸೊತಾರೊ ಮಿಯಾನೊ ಅವರ ತಂಡ ಇಂಗಾಲದ ಕೊಂಡಿಯ ಜಾಗದಲ್ಲಿ ಗಂಧಕ ಇರುವ ಉಂಗುರವನ್ನು ಒಂದೇ ಪಾತ್ರೆಯಲ್ಲಿ, ಒಂದೇ ಹಂತದಲ್ಲಿ ಮಾಡಿ ತೋರಿಸಿತು. ಇಳುವರಿ 54 ಪ್ರತಿಶತ. ಅಷ್ಟು ದೊಡ್ಡ ಉಂಗುರಕ್ಕೆ ಇದು ಬಹಳ ಒಳ್ಳೆಯ ಅಂಕಿ.

ನನ್ನನ್ನು ಸೆಳೆದದ್ದು ಇಳುವರಿ ಅಲ್ಲ. ಹಳೆಯ ಕ್ಯಾಲಿಕ್ಸರೀನಿನಲ್ಲಿ ಕೊಂಡಿ ಸುಮ್ನೆ ಕೊಂಡಿ. ಎರಡು ಕಡೆಯನ್ನು ಹಿಡಿದುಕೊಂಡು ನಿಲ್ಲುವುದಷ್ಟೇ ಅದರ ಕೆಲಸ. ಗಂಧಕದ ಮೈಮೇಲೆ ಮಾತ್ರ ಬಳಕೆಯಾಗದ ಎಲೆಕ್ಟ್ರಾನ್ ಜೋಡಿಗಳಿವೆ. ಅಂದರೆ ಆ ಸೇತುವೆಗೇ ಒಂದು ಕೈ ಇದೆ. ಲೋಹದ ಅಯಾನು ಹತ್ತಿರ ಬಂದರೆ ಅದೂ ಹಿಡಿಯಬಹುದು. ಇದು ನಿಜವೋ ಅಲ್ಲವೋ ನನ್ನ ಕೈಯಾರೆ ನೋಡಬೇಕಿತ್ತು.

ಡಾಂಬರಿಗೆ ವಾಪಸ್ ಬರುತ್ತೇನೆ. ನಾನು ತೆಗೆದುಕೊಂಡಿದ್ದು 15 ಗ್ರಾಂ ಪ್ಯಾರಾ ಟರ್ಟ್ ಬ್ಯೂಟೈಲ್ ಫೀನಾಲ್ (ಟರ್ಟ್ ಬ್ಯೂಟೈಲ್ ಎಂಬ ಇಂಗಾಲದ ಗೊಂಚಲು ಅಂಟಿರುವ ಫೀನಾಲು), 6.4 ಗ್ರಾಂ ಗಂಧಕದ ಪುಡಿ, 2 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, ಐದು ಮಿಲಿಲೀಟರಿನಷ್ಟು ಟೆಟ್ರಾಗ್ಲೈಮ್ ಎಂಬ ದ್ರಾವಕ. ಲೆಕ್ಕ ಗಮನಿಸಿ. ಒಂದು ಫೀನಾಲಿಗೆ ಎರಡು ಗಂಧಕ. ನಾಲ್ಕು ಫೀನಾಲು ಸೇರಿ ಉಂಗುರ ಆಗುವಾಗ ಎಂಟು ಗಂಧಕದಲ್ಲಿ ನಾಲ್ಕು ಸೇತುವೆಯಾಗಿ ಉಳಿಯುತ್ತವೆ. ಉಳಿದ ನಾಲ್ಕು, ಫೀನಾಲಿನಿಂದ ಕಳಚಿದ ಹೈಡ್ರೋಜನ್ನನ್ನು ಎತ್ತಿಕೊಂಡು ಹೈಡ್ರೋಜನ್ ಸಲ್ಫೈಡ್ ಆಗಿ ಹೊರಟುಹೋಗುತ್ತವೆ. ಅಂದರೆ ಹಾಕಿದ ಗಂಧಕದಲ್ಲಿ ಅರ್ಧ ವಾಸನೆಗೇ ಹೋಯಿತು. ನನ್ನ ಈ ಸಣ್ಣ ಬ್ಯಾಚಿನಲ್ಲೇ ಪೂರ್ತಿ ಕ್ರಿಯೆ ನಡೆದರೆ ಸುಮಾರು ಎರಡೂವರೆ ಲೀಟರ್ ವಿಷಾನಿಲ.

ಆ ಅನಿಲ ನಿಧಾನಕ್ಕೆ ಹೊರಗೆ ಹೋಗಬೇಕು. ಅಲ್ಲೇ ನಾನು ತಪ್ಪಿದ್ದು. ಮೂಲ ವಿಧಾನದಲ್ಲಿ 230 ಡಿಗ್ರಿ ಸೆಲ್ಸಿಯಸ್ ಮುಟ್ಟಲು ನಾಲ್ಕು ಗಂಟೆ, ಅಲ್ಲಿ ನಿಲ್ಲಿಸಲು ಇನ್ನು ಮೂರು ಗಂಟೆ. ನಾನು ಒಂದು ಗಂಟೆಯಲ್ಲೇ ಏರಿಸಿಬಿಟ್ಟೆ, ಸಂಜೆಯೊಳಗೆ ಮುಗಿಸೋಣ ಅಂತ. ನೊರೆ ಉಕ್ಕಿ ಬಂತು, ಕೆಳಗೆ ಸುಟ್ಟಿತು. ಉಂಗುರವಾಗಿ ಮುಚ್ಚಿಕೊಳ್ಳಬೇಕಾದ ಸರಪಳಿಗಳು ಉದ್ದಕ್ಕೆ ಬೆಳೆದು ಒಂದಕ್ಕೊಂದು ಸಿಕ್ಕಿಹಾಕಿಕೊಂಡವು. 18 ಗ್ರಾಂ ಬರಬಹುದಾದ ಕಡೆ ಎರಡು ಗ್ರಾಂ ಕೂಡ ಸಿಗಲಿಲ್ಲ.

ಎರಡನೇ ಸಲ ತಾಳ್ಮೆ ಇತ್ತು. ಆದರೆ ಬೇರೆ ಗ್ರಹಚಾರ ಕಾದಿತ್ತು. ಫ್ಲಾಸ್ಕಿನೊಳಗೆ ಹರಿಸುವ ನೈಟ್ರೋಜನ್ ಹೊರಗೆ ಹೋಗುವ ನಳಿಕೆ ಸಣ್ಣದು. ಬಿಸಿಗೆ ಆವಿಯಾದ ಫೀನಾಲು ಆ ತಣ್ಣನೆ ನಳಿಕೆಯಲ್ಲಿ ಬಿಳೀ ಹರಳಾಗಿ ಕೂರುತ್ತದೆ. ಅದು ಕರಗುವುದೇ 100 ಡಿಗ್ರಿಯ ಹತ್ತಿರ. ಹೊರಬರುವ ಅನಿಲವನ್ನು ಗುಳ್ಳೆಯಾಗಿ ತೋರಿಸುವ ಬಬ್ಲರಿನಲ್ಲಿ ಗುಳ್ಳೆ ಕಡಿಮೆಯಾಗುತ್ತಾ ಬಂತು. ಕ್ರಿಯೆ ಮುಗಿಯುತ್ತಿದೆ ಎಂದುಕೊಂಡು ಖುಷಿಪಟ್ಟೆ. ನಿಜಕ್ಕೂ ನಳಿಕೆ ಕಟ್ಟಿಕೊಳ್ಳುತ್ತಿತ್ತು. ಸ್ಟಾಪರ್ ಟಪ್ ಎಂದು ಹಾರಿದಾಗಲೇ ಗೊತ್ತಾಗಿದ್ದು. ಹುಡ್‌ನ (ಅನಿಲವನ್ನು ಹೀರಿ ಹೊರಗೆ ಹಾಕುವ ಗೂಡಿನ) ಗಾಜು ಕೆಳಗೆ ಇಳಿಸಿದ್ದೆ, ಅದು ಪುಣ್ಯ. ಅಂದಿನಿಂದ ಹೆಬ್ಬೆರಳು ದಪ್ಪದ ನಳಿಕೆ ಹಾಕುತ್ತೇನೆ. ಅರ್ಧ ಗಂಟೆಗೊಮ್ಮೆ ಹೀಟ್ ಗನ್‌ನಿಂದ ಅದನ್ನು ಬೆಚ್ಚಗೆ ಮಾಡುತ್ತೇನೆ. ಆಮೇಲೆ ಒಂದು ಖಾಲಿ ಬಾಟಲಿ, ಅದರ ನಂತರ ಕಾಸ್ಟಿಕ್ ಸೋಡಾ ದ್ರಾವಣದ ಎರಡು ಬಾಟಲಿ. ಖಾಲಿ ಬಾಟಲಿ ಯಾಕೆ ಅಂದರೆ, ಫ್ಲಾಸ್ಕ್ ತಣ್ಣಗಾದಾಗ ದ್ರಾವಣ ಹಿಂದಕ್ಕೆ ಎಳೆದುಕೊಂಡರೆ ಅಲ್ಲೇ ನಿಲ್ಲಲಿ ಎಂದು.

ಈ ಅನಿಲದ ಬಗ್ಗೆ ಒಂದು ಮಾತು. ಕೊಳೆತ ಮೊಟ್ಟೆಯ ವಾಸನೆ ಅಂತ ಎಲ್ಲರಿಗೂ ಗೊತ್ತು. ಬಹಳ ಜನಕ್ಕೆ ಗೊತ್ತಿಲ್ಲದ್ದು, ಪ್ರಮಾಣ ಜಾಸ್ತಿಯಾದರೆ, ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು) ಹತ್ತಿರ, ಮೂಗು ಅದನ್ನು ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ವಾಸನೆ ಹೋಯಿತು ಅಂದರೆ ಅನಿಲ ಹೋಯಿತು ಅಂತಲ್ಲ. ಲೆಡ್ ಅಸಿಟೇಟ್ ಕಾಗದ ಹುಡ್‌ನ ಅಂಚಿಗೆ ಅಂಟಿಸುತ್ತೇನೆ. ಕಪ್ಪಾದರೆ ಅನಿಲ ಇದೆ. ಕುತ್ತಿಗೆಯ ಹತ್ತಿರ ಅನಿಲ ಸೂಚಕ ಯಂತ್ರವೂ ಇರುತ್ತದೆ. ನನ್ನ ಮೂಗನ್ನು ನಾನು ನಂಬುವುದಿಲ್ಲ.

ಇಷ್ಟೆಲ್ಲ ಜಾಗ್ರತೆ ಮಾಡಿ, ಕೊನೆಗೆ ಎಡವಿದ್ದು ಎಲ್ಲ ಮುಗಿಯಿತು ಅಂದುಕೊಂಡ ಮೇಲೆ. ತಣ್ಣಗಾದ ಕಡುಗೆಂಪು ಗಟ್ಟಿಯನ್ನು ಟೊಲ್ಯೂಯಿನ್ ದ್ರಾವಕದಲ್ಲಿ ಕರಗಿಸಿ, ತೆಳು ಸಲ್ಫ್ಯೂರಿಕ್ ಆಮ್ಲ ಹಾಕಬೇಕು. ನಾನು ಫ್ಲಾಸ್ಕನ್ನು ಹುಡ್‌ನಿಂದ ಹೊರಗೆ, ಬೆಂಚಿನ ಮೇಲೆ ತಂದು ಆಮ್ಲ ಸುರಿದೆ. ಒಳಗೆ ಉಳಿದಿದ್ದ ಸೋಡಿಯಂ ಸಲ್ಫೈಡ್ ತಕ್ಷಣ ಅನಿಲವಾಯಿತು. ಲ್ಯಾಬ್ ಖಾಲಿ ಮಾಡಿಸಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಒಂದು ವಾರ ನನ್ನನ್ನು ಯಾರೂ ಹತ್ತಿರ ಸೇರಿಸಲಿಲ್ಲ. ಕಾಸ್ಟಿಕ್ ಸೋಡಾ ಬಾಟಲಿಗಳಿಗೂ ಇದೇ ನಿಯಮ. ಹಿಡಿದಿಟ್ಟ ಅನಿಲ ಎಲ್ಲಾ ಅಲ್ಲೇ ಇರುತ್ತದೆ. ಅದಕ್ಕೆ ಯಾವತ್ತೂ ಆಮ್ಲ ಸೋಕಿಸಬಾರದು.

ಐದನೇ ಬ್ಯಾಚಿಗೆ ಬಿಳೀ ಪುಡಿ ಬಂತು. ಕ್ಲೋರೋಫಾರಂನಲ್ಲಿ ಕರಗಿಸಿ ಮೆಥನಾಲ್ ಸೇರಿಸಿದರೆ ಹರಳು ಕಟ್ಟುತ್ತದೆ. ಎನ್‌ಎಂಆರ್ (ಅಣುವಿನಲ್ಲಿ ಎಷ್ಟು ಬಗೆಯ ಹೈಡ್ರೋಜನ್ ಇವೆ ಎಂದು ಗೆರೆಗಳಲ್ಲಿ ತೋರಿಸುವ ಪರೀಕ್ಷೆ) ತೆಗೆದಾಗ ಮೂರೇ ಗೆರೆ. 1.22ರಲ್ಲಿ ಟರ್ಟ್ ಬ್ಯೂಟೈಲ್, 7.64ರಲ್ಲಿ ಉಂಗುರದ ಹೈಡ್ರೋಜನ್, 9.60ರಲ್ಲಿ ಫೀನಾಲಿನ ಹೈಡ್ರೋಜನ್. 721 ತೂಕದ ಅಣು, ಮೂರೇ ಗೆರೆ! ಸೇತುವೆಯಲ್ಲಿ ಹೈಡ್ರೋಜನ್ನೇ ಇಲ್ಲವಲ್ಲ, ಅದಕ್ಕೆ ನಾಲ್ಕನೆಯದು ಇಲ್ಲ. ನಾಲ್ಕು ಫೀನಾಲೂ ಒಂದೇ ಥರ ಕಾಣುತ್ತವೆ. ಉದ್ದ ಸರಪಳಿ ಆಗಿದ್ದರೆ ತುದಿಯದ್ದು ಬೇರೆ, ನಡುವಿನದ್ದು ಬೇರೆ ಕಾಣಬೇಕಿತ್ತು. ಆ ಹಾಳೆಯನ್ನು ಮೇಜಿನ ಮುಂದೆ ಬಹಳ ದಿನ ಅಂಟಿಸಿಕೊಂಡಿದ್ದೆ.

ಈಗ ಲೋಹ. ಪ್ರಯೋಗ ಸರಳ. ಉಂಗುರವನ್ನು ನೀರಿನ ಜೊತೆ ಬೆರೆಯದ ಕ್ಲೋರೋಫಾರಂನಲ್ಲಿ, ತಾಮ್ರದ ಲವಣವನ್ನು ನೀರಿನಲ್ಲಿ ಕರಗಿಸಿ, ಎರಡನ್ನೂ ಒಂದೇ ಬಾಟಲಿಗೆ ಹಾಕಿ ರಾತ್ರಿಯೆಲ್ಲಾ ಅಲ್ಲಾಡಿಸಿದೆ. ನೀರಿನಲ್ಲಿ ಎಷ್ಟು ತಾಮ್ರ ಕಡಿಮೆಯಾಯಿತೋ ಅಷ್ಟು ಉಂಗುರಕ್ಕೆ ಹೋಯಿತು ಎಂದು ಲೆಕ್ಕ. ಪಿಎಚ್ 8ರಲ್ಲಿ, ಅಂದರೆ ನೀರು ಸ್ವಲ್ಪ ಕ್ಷಾರವಾಗಿರುವಾಗ, ಮಾಡಿದಾಗ ನೀರಿನಲ್ಲಿ ತಾಮ್ರ ಹೆಚ್ಚುಕಡಿಮೆ ಉಳಿಯಲೇ ಇಲ್ಲ. ಕುಣಿದಾಡಿದೆ. ಗುಂಪಿನ ಮುಂದೆ ಗ್ರಾಫ್ ಹಾಕಿ ತೋರಿಸಿದೆ.

ಜೊತೆಯ ಹುಡುಗಿಯೊಬ್ಬಳು ಕೇಳಿದಳು, "ಉಂಗುರ ಹಾಕದೆ ಮಾಡಿದ್ದೀಯಾ?"

ಮಾಡಿರಲಿಲ್ಲ. ಮರುದಿನ ಬರೀ ಕ್ಲೋರೋಫಾರಂ ಹಾಕಿ ಅಲ್ಲಾಡಿಸಿದೆ. ಆಗಲೂ ತಾಮ್ರ ಮಾಯ! ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಎರಡು ದ್ರವಗಳು ಕೂಡುವ ಗೆರೆಯಲ್ಲಿ ತೆಳ್ಳನೆ ನೀಲಿ ಕೆನೆ ಕಂಡಿತು. ತಾಮ್ರದ ಹೈಡ್ರಾಕ್ಸೈಡ್. ನನ್ನಂಥ ತೆಳು ದ್ರಾವಣದಲ್ಲೂ ಪಿಎಚ್ ಆರೂವರೆ ದಾಟಿದರೆ ಅದು ಕರಗದ ಗಟ್ಟಿಯಾಗಿ ಬೇರ್ಪಡಲು ಶುರುವಾಗುತ್ತದೆ. ಉಂಗುರ ಹಿಡಿದದ್ದೆಷ್ಟು, ಕೆನೆ ನುಂಗಿದ್ದೆಷ್ಟು, ಆ ಗ್ರಾಫಿನಿಂದ ಹೇಳಲು ಸಾಧ್ಯವೇ ಇರಲಿಲ್ಲ. ಒಂದು ತಿಂಗಳ ಕೆಲಸ ಕಸದ ಬುಟ್ಟಿಗೆ ಹೋಯಿತು.

ಆಮೇಲೆ ಎರಡು ಅಭ್ಯಾಸ ಮಾಡಿಕೊಂಡೆ. ಪ್ರತಿ ಪಿಎಚ್‌ಗೂ ಉಂಗುರವಿಲ್ಲದ ಒಂದು ಬಾಟಲಿ. ಮತ್ತೆ, ಕ್ಲೋರೋಫಾರಂ ಪದರವನ್ನು ತೆಗೆದು ತೆಳು ನೈಟ್ರಿಕ್ ಆಮ್ಲದ ಜೊತೆ ಅಲ್ಲಾಡಿಸಿ, ಒಳಗೆ ಹೋದ ತಾಮ್ರವನ್ನು ವಾಪಸ್ ಪಡೆದು ಅಳೆಯುವುದು. ನೀರಿನಲ್ಲಿ ಉಳಿದದ್ದು, ವಾಪಸ್ ಬಂದದ್ದು ಎರಡೂ ಸೇರಿದರೆ ಮೊದಲು ಹಾಕಿದ್ದಕ್ಕೆ ಸಮ ಆಗಬೇಕು. ಆಗದಿದ್ದರೆ ಆ ದಿನದ ಅಂಕಿ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ, ಗ್ರಾಫಿಗೆ ಬರುವುದಿಲ್ಲ. ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್ ದ್ರಾವಣ ಆರಿಸುವಾಗಲೂ ಹುಷಾರು. ಅಮೋನಿಯಾ ಬಫರ್ ಹಾಕಿದರೆ ಹೈಡ್ರಾಕ್ಸೈಡ್ ಕಾಟ ಕಡಿಮೆ, ಆದರೆ ಅಮೋನಿಯಾ ತಾನೇ ತಾಮ್ರವನ್ನು ಹಿಡಿದುಕೊಂಡು ಉಂಗುರದ ಜೊತೆ ಜಗ್ಗಾಟಕ್ಕೆ ನಿಲ್ಲುತ್ತದೆ.

ಸರಿಯಾಗಿ ಮಾಡಿದ ಮೇಲೂ ಗಂಧಕದ ಉಂಗುರ ತಾಮ್ರವನ್ನು ಚೆನ್ನಾಗಿ ಎತ್ತಿತು. ಇಂಗಾಲದ ಕೊಂಡಿಯ ಹಳೆಯ ಕ್ಯಾಲಿಕ್ಸರೀನ್ ಅದೇ ಬಾಟಲಿ, ಅದೇ ಪಿಎಚ್‌ನಲ್ಲಿ ಹೆಚ್ಚುಕಡಿಮೆ ಸುಮ್ಮನಿತ್ತು. ಎರಡಕ್ಕೂ ಇರುವುದು ಅದೇ ನಾಲ್ಕು ಫೀನಾಲು, ವ್ಯತ್ಯಾಸ ಸೇತುವೆಯದ್ದು ಮಾತ್ರ. ಲೋಹ ಕೂರುವುದು ಬಟ್ಟಲಿನ ಒಳಗಲ್ಲ, ಅಂಚಿನಲ್ಲಿ. ಅಕ್ಕಪಕ್ಕದ ಎರಡು ಫೀನಾಲಿನ ಆಮ್ಲಜನಕ, ಅವುಗಳ ನಡುವಿನ ಗಂಧಕ, ಮೂರು ಸೇರಿ ಹಿಡಿಯುತ್ತವೆ. ಸೆಂಡೈ ತಂಡ ಇದನ್ನು 1998ರ ಹೊತ್ತಿಗೇ ಹೇಳಿತ್ತು. ಹೊಸದೇನೂ ಕಂಡುಹಿಡಿಯಲಿಲ್ಲ ನಾನು. ಆದರೂ ನನ್ನ ಬಾಟಲಿಯಲ್ಲೇ ಕಂಡಾಗ ಬೇರೆ ಥರ ಇರುತ್ತದೆ, ಅಲ್ವಾ?

ಇನ್ನೂ ಮಜಾ ಮುಂದಿದೆ. ಅದೇ ಉಂಗುರದ ಗಂಧಕಕ್ಕೆ ಆಮ್ಲಜನಕ ಸೇರಿಸಬಹುದು. ಸೋಡಿಯಂ ಪರ್ಬೋರೇಟ್ ಹಾಕಿ ಬೆಚ್ಚಗೆ ಕಲಕಿದರೆ ಪ್ರತಿ ಗಂಧಕದ ಮೇಲೂ ಎರಡೆರಡು ಆಮ್ಲಜನಕ ಕೂತು ಸಲ್ಫೋನ್ ಆಗುತ್ತದೆ. ಈಗ ಗಂಧಕದ ಕೈ ಕಟ್ಟಿಹಾಕಿದಂತೆ. ಮುಂದೆ ಚಾಚಿರುವುದು ಆಮ್ಲಜನಕದ ಕೈ. ಗಂಧಕ ಮೆದು, ಆಮ್ಲಜನಕ ಗಡಸು. ಮೆದು ಅಯಾನು ಮೆದು ಪರಮಾಣುವನ್ನು, ಗಡಸು ಅಯಾನು ಗಡಸು ಪರಮಾಣುವನ್ನು ಇಷ್ಟಪಡುತ್ತದೆ ಎಂದು ರಸಾಯನಶಾಸ್ತ್ರಜ್ಞ ರಾಲ್ಫ್ ಪಿಯರ್ಸನ್ 1963ರಲ್ಲಿ ಹೇಳಿದ್ದು ಇಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಸಲ್ಫೋನ್ ಉಂಗುರ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೇರಿಯಂ ಕಡೆ ತಿರುಗುತ್ತದೆ. ಒಂದೇ ಆಮ್ಲಜನಕ ಸೇರಿಸಿದ ಸಲ್ಫಾಕ್ಸೈಡ್ ಎರಡೂ ಬಗೆಯ ಲೋಹವನ್ನು ಹಿಡಿಯುತ್ತದೆ. ಬೇಕೆಂದಾಗ ಗಂಧಕ, ಬೇಕೆಂದಾಗ ಆಮ್ಲಜನಕ. ಆದರೆ ಅದನ್ನು ಶುದ್ಧ ಮಾಡುವುದು ತಲೆನೋವು. ನಾಲ್ಕು ಆಮ್ಲಜನಕಗಳು ಮೇಲೆ ಕೆಳಗೆ ಹೇಗೆ ತಿರುಗಿವೆ ಎಂಬುದರ ಮೇಲೆ ನಾಲ್ಕು ಬೇರೆ ಬೇರೆ ರೂಪಗಳಿವೆ. ನಾನು ಎರಡನ್ನು ಬೇರೆ ಮಾಡಿ ಕೈಚೆಲ್ಲಿದೆ.

ಈಚೆಗೆ ಮಾಡುತ್ತಿರುವುದು ನೀರಿನಲ್ಲಿ ಕರಗುವ ರೂಪ. ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಬಿಸಿ ಮಾಡಿದರೆ ಟರ್ಟ್ ಬ್ಯೂಟೈಲ್ ಕಳಚಿ, ಆ ಜಾಗಕ್ಕೆ ನೀರಿಗೆ ಒಗ್ಗುವ ಸಲ್ಫೋನೇಟ್ ಗುಂಪು ಬರುತ್ತದೆ. ಇದಕ್ಕೆ ಟರ್ಬಿಯಂ ಎಂಬ ವಿರಳ ಲೋಹದ ಅಯಾನು ಸೇರಿಸಿ, ದ್ರಾವಣವನ್ನು ಸ್ವಲ್ಪ ಕ್ಷಾರ ಮಾಡಿ, ಯುವಿ ದೀಪದ ಕೆಳಗೆ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಟರ್ಬಿಯಂಗೆ ತಾನಾಗಿ ಬೆಳಕು ಹೀರುವ ಶಕ್ತಿ ಬಹಳ ಕಡಿಮೆ. ಉಂಗುರ ಹೀರಿ ಅದಕ್ಕೆ ದಾಟಿಸುತ್ತದೆ, ಅದು 545 ನ್ಯಾನೋಮೀಟರ್ ಹತ್ತಿರ ಉಗುಳುತ್ತದೆ. ತೀರಾ ಕಡಿಮೆ ಟರ್ಬಿಯಂ ಇದ್ದರೂ ಕಾಣುತ್ತದೆ.

ಎಷ್ಟು ಕಡಿಮೆ ಅಂತ ಗೊತ್ತಾಗಿದ್ದು ಒಂದು ಸಂಜೆ. ಟರ್ಬಿಯಂ ಹಾಕದ ದ್ರಾವಣವೂ ಹಸಿರಾಗಿ ಹೊಳೆಯಿತು. ಮೂರು ಸಲ ಹೊಸದಾಗಿ ಮಾಡಿದೆ, ಮೂರು ಸಲವೂ ಹೊಳೆಯಿತು. ಕೊನೆಗೆ ಲ್ಯಾಬಿನ ಲೈಟ್ ಆರಿಸಿ, ಯುವಿ ದೀಪ ಹಿಡಿದು ತಿರುಗಿದೆ. ನಾನು ತೊಳೆದು ಒಣಗಲು ಇಟ್ಟಿದ್ದ ಕ್ಯುವೆಟ್‌ಗಳು (ಅಳೆಯಲು ದ್ರಾವಣ ಹಾಕುವ ಸಣ್ಣ ಪಾತ್ರೆಗಳು), ಪಿಪೆಟ್ಟಿನ ತುದಿ, ಸಿಂಕಿನ ಅಂಚು ಎಲ್ಲಾ ಸಣ್ಣಗೆ ಹಸಿರು. ಈಗ ಎಲ್ಲವನ್ನೂ ಒಂದು ರಾತ್ರಿ ತೆಳು ನೈಟ್ರಿಕ್ ಆಮ್ಲದಲ್ಲಿ ನೆನೆಹಾಕುತ್ತೇನೆ. ಬೆಳಿಗ್ಗೆ ತೊಳೆದು, ಲೈಟ್ ಆರಿಸಿ, ಒಂದು ಸುತ್ತು ದೀಪ ಹಿಡಿದು ನೋಡಿದ ಮೇಲೇ ಕೆಲಸ ಶುರು.