ಇಪಿಎಯ ಜಾರಿ ಅಧಿಕಾರ ಸ್ಥಳೀಯ ಸಂಸ್ಥೆಗೆ ಬರಬೇಕಾದರೆ

ಅಮೆರಿಕದ ಕ್ಲೀನ್ ಏರ್ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ವಿಷಕಾರಿ ಗಾಳಿಯ ನಿಯಮಗಳ ಜಾರಿಯನ್ನು ಇಪಿಎಯಿಂದ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಸ್ಥಳೀಯ ಸಂಸ್ಥೆಯೂ ಪಡೆಯಬಹುದು. ತಪಾಸಣೆ, ದಾಖಲೆ ಕೇಳುವುದು, ದಂಡ ಹಾಕುವುದು ಇವೆಲ್ಲ ನಿಮ್ಮ ಕಾನೂನಿನಲ್ಲೇ ಇವೆಯೆಂದು ಮೊದಲು ವಕೀಲರಿಂದ ಬರೆಸಿಕೊಳ್ಳಿ. ಇಪಿಎಗೆ ಸಲ್ಲಿಸುವ ಅರ್ಜಿಯಲ್ಲಿ ಸಿಬ್ಬಂದಿ, ಹಣ, ವೇಳಾಪಟ್ಟಿಯ ವಿವರ ಸೇರಿಸಿ. ಹಣದ ಲೆಕ್ಕ ತೆಳುವಾಗಿದ್ದರೆ ಅರ್ಜಿ ಬಿದ್ದುಹೋಗಬಹುದು. ಇಲ್ಲೇ ಹೆಚ್ಚು ಶ್ರಮ ಹಾಕಿ. ಸಾರ್ವಜನಿಕರ ಅಭಿಪ್ರಾಯ ಪಡೆದು ಇಪಿಎ 180 ದಿನದೊಳಗೆ ತೀರ್ಮಾನಿಸಬೇಕು.

ಆಸ್ಬೆಸ್ಟಾಸ್ (ನಾರಿನಂಥ ಖನಿಜ) ನಿಯಮದ ಜಾರಿ ನಿಮಗೆ ಸಿಕ್ಕಿತೆನ್ನಿ. ನಿಯಮಕ್ಕೊಳಪಟ್ಟ ಕಟ್ಟಡ ಕೆಡವುವವರು ಆಸ್ಬೆಸ್ಟಾಸ್ ಇಲ್ಲದಿದ್ದರೂ 10 ಕೆಲಸದ ದಿನ ಮೊದಲೇ ನೋಟಿಸ್ ಕೊಡಬೇಕು. ನವೀಕರಣಕ್ಕಾದರೆ ಆಸ್ಬೆಸ್ಟಾಸ್ ಪ್ರಮಾಣ ಪೈಪಿನ ಮೇಲೆ 260 ಅಡಿ, ಬೇರೆಡೆ 160 ಚದರ ಅಡಿ ಅಥವಾ ಉದ್ದ, ವಿಸ್ತೀರ್ಣ ಅಳೆಯಲಾಗದಿದ್ದರೆ 35 ಘನ ಅಡಿ ಮುಟ್ಟಿದಾಗ ಮಾತ್ರ. ಸ್ಥಳಕ್ಕೆ ಹೋದಾಗ ತೆಗೆದ ವಸ್ತು ನಿಜಕ್ಕೂ ತೇವವಾಗಿದೆಯೇ ನೋಡಿ; ಒಣಗಿದ್ದರೆ ನಾರು ಹಾರಿ ಕೆಲಸಗಾರರ ಶ್ವಾಸಕೋಶ ಸೇರುತ್ತದೆ. ಅಧಿಕಾರ ಕೊಟ್ಟ ಮೇಲೂ ಇಪಿಎ ತಾನೇ ಕ್ರಮ ಕೈಗೊಳ್ಳಬಹುದು.